ರಬ್ಬರು ಕಿತ್ತೆಸೆದ ಮೇಲೆ

ಹೊಲಿಗೆ ಯಂತ್ರ ರಿಪೇರಿ ಮಾಡುವ ನಮ್ಮ ದೊಡ್ಡಮ್ಮನಿಗೆ ಸದ್ದು ಕಂಡರೆ ಆಗುತ್ತಿರಲಿಲ್ಲ. ನಲವತ್ತು ವರ್ಷ ಸೈಕಲ್ ತುಳಿದು ಮನೆಮನೆಗೆ ಹೋಗಿ, ಗಡಗಡ ಎನ್ನುವ ಯಂತ್ರಗಳ ಅಡಿಗೆ ರಬ್ಬರಿನ ತುಂಡು ಕೊಟ್ಟು ಬಾಯಿ ಮುಚ್ಚಿಸುತ್ತ ಬಂದವರು ಅವರು. ಮಂಡಿ ಕೈಕೊಟ್ಟಾಗ ಅವರ ತಮ್ಮ, ಅಂದರೆ ನಮ್ಮ ಮಾವ, "ಇನ್ನು ಮನೇಲಿ ಕೂತ್ಕೋ ಅಕ್ಕಾ" ಎಂದರು. ದೊಡ್ಡಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಪುಟ್ಟ ಪೆಟ್ರೋಲ್ ಎಂಜಿನ್ ಒಂದನ್ನು ತಂದು, ಅಗಲ ಹ್ಯಾಂಡಲ್ಲಿನ ಹಳೆ ಸೈಕಲ್ಲಿನ ಚೌಕಟ್ಟಿನೊಳಗೆ ತಾವೇ ಕೂರಿಸಿದರು.

ಕೂರಿಸುವಾಗ ಅಭ್ಯಾಸಬಲದಿಂದ ಎಂಜಿನ್ನಿಗೂ ಚೌಕಟ್ಟಿಗೂ ನಡುವೆ ರಬ್ಬರು ಕೊಟ್ಟರು. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಎಂಜಿನ್ ಓಲಾಡಿ ಚೈನ್ ಕಳಚಿತು. ಇನ್ನೂ ದಪ್ಪ ರಬ್ಬರು ಕೊಟ್ಟರು. ಈ ಸಲ ಬೋಲ್ಟೇ ಮುರಿಯಿತು.

"ರಬ್ಬರ್ ಮೇಲೆ ಕೂರಿಸಿದ್ರೆ ಅದು ಕುಣೀದೆ ಇನ್ನೇನ್ ಮಾಡುತ್ತೆ?" ಎಂದರು ಮಾವ.

"ನಂಗೆ ಹೇಳಿಕೊಡೋಕೆ ಬರಬೇಡ ಕಣೋ!" ಎಂದು ದೊಡ್ಡಮ್ಮ ರೇಗಿದರು. ಆದರೆ ಮಧ್ಯಾಹ್ನವೆಲ್ಲ ಆ ಮುರಿದ ಬೋಲ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ರಬ್ಬರನ್ನು ಕಿತ್ತೆಸೆದು, ಕಬ್ಬಿಣಕ್ಕೆ ಕಬ್ಬಿಣ ಕಚ್ಚುವಂತೆ ಬಿಗಿದರು.

ಮರುದಿನ ಸೈಕಲ್ ಇಡೀ ಬೀದಿ ಬೆಚ್ಚುವ ಹಾಗೆ ಅಬ್ಬರಿಸುತ್ತ ಹೊರಟು, ಏರು ದಾರಿಯನ್ನೂ ನಿಲ್ಲದೆ ಹತ್ತಿತು. ಯಂತ್ರ ಕೆಟ್ಟು ಕಾಯುತ್ತಿದ್ದ ದರ್ಜಿ ಕಿವಿ ಮುಚ್ಚಿಕೊಂಡೇ ಹೊರಗೆ ಬಂದ.

"ಅಮ್ಮಾ, ಈ ಸದ್ದು ಅಡಗಿಸೋಕೆ ನಿಮ್ಮ ಕೈಲೂ ಆಗಲ್ವಾ?"

"ಯಾಕಾಗಲ್ಲ? ನಾನು ಇಳಿದು ತಳ್ಳಬೇಕು, ಅಷ್ಟೆ," ಎಂದರು ದೊಡ್ಡಮ್ಮ. "ತಳ್ಳಲ್ಲ. ಎಲ್ಲಿ, ನಿನ್ನ ಯಂತ್ರ ತೋರ್ಸು."