ಪಾಮ್ ತೋಟದಲ್ಲೊಂದು ತೆಂಗು

ನನಗೆ ಗಂಡು ನೋಡಲು ಹೋದವರು ನಮ್ಮ ಚಿಕ್ಕಪ್ಪ. ಹುಡುಗ ಅರಿಶಿನಕುಂಟೆಯ ಹತ್ತಿರ, ಹೆದ್ದಾರಿ ಪಕ್ಕದ ದೊಡ್ಡ ತೋಟವೊಂದನ್ನು ನೋಡಿಕೊಳ್ಳುತ್ತಾನೆ ಎಂದಷ್ಟೇ ಗೊತ್ತಾಗಿತ್ತು. ಚಿಕ್ಕಪ್ಪ ಬಸ್ಸಿಳಿದು, ಅಲ್ಲಿ ಕೊಟ್ಟ ಬೋಂಡ ತಿಂದು, ಕಾಫಿ ಕುಡಿದು, ಹುಡುಗನ ಮುಖವನ್ನು ಒಂದು ಗಳಿಗೆ, ತೋಟವನ್ನು ಅದಕ್ಕಿಂತ ಕಡಿಮೆ ಹೊತ್ತು ನೋಡಿ ವಾಪಸು ಬಂದರು. "ಮರಗಳೋ ಮರಗಳು ಕಣಣ್ಣ. ದಾರಿ ಎರಡೂ ಕಡೆ ಗರಿ ಬಿಚ್ಕೊಂಡು ನಿಂತವೆ" ಎಂದು ಅಪ್ಪನಿಗೆ ವರದಿ ಒಪ್ಪಿಸಿದರು. ನಾವು ತಿಪಟೂರು ಕಡೆಯವರು. ನಮಗೆ ಗರಿ ಬಿಚ್ಚಿಕೊಂಡ ಮರವೆಂದರೆ ತೆಂಗು. ಅಕಸ್ಮಾತ್ ಅಡಿಕೆಯಾಗಿದ್ದರೆ ಇನ್ನೂ ಒಳ್ಳೆಯದೇ. ಮೂರನೆಯದೊಂದು ಇರಬಹುದೆಂಬ ಅನುಮಾನ ನಮ್ಮ ವಂಶದಲ್ಲಿ ಯಾರಿಗೂ ಬಂದಿರಲಿಲ್ಲ.

ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆ ನಾನು ತೋಟ ಸುತ್ತಿದೆ. ಮರಗಳೇನೋ ಇದ್ದವು. ಒಂದರಲ್ಲೂ ಬಾಯಿಗಿಡುವಂಥದ್ದು ಇರಲಿಲ್ಲ.

ಈಗ ಅಂಥ ಜಾಗಕ್ಕೆ ರೆಸಾರ್ಟ್ ಎನ್ನುತ್ತಾರೆ. ಅರವತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ಸುತ್ತಲಿನ ಊರವರು ಅದನ್ನು ‘ಕಾಟೇಜು’ ಎನ್ನುತ್ತಿದ್ದರು. ಬೆಂಗಳೂರಿನಲ್ಲಿ ಬಟ್ಟೆ ವ್ಯಾಪಾರ ಮಾಡಿ ಗೆದ್ದ ಒಬ್ಬರು ಕಟ್ಟಿಸಿದ್ದು. ಹೆಂಚು ಹೊದಿಸಿದ ಪುಟ್ಟ ಪುಟ್ಟ ಮನೆಗಳು, ಮುಂದೆ ಹುಲ್ಲುಹಾಸು, ಹಿಂದೆ ನಮ್ಮಂಥವರಿಗೆ ಎರಡು ಕೋಣೆಯ ಕ್ವಾರ್ಟರ್ಸು. ಭಾನುವಾರ ಜನ ಕಾರಿನಲ್ಲಿ ಬಂದು ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಸುಮ್ಮನೆ ಕೂರುತ್ತಿದ್ದರು. ನಮ್ಮೂರಿನಲ್ಲಿ ಹೀಗೆ ಕೂತವನಿಗೆ ಹೆಣ್ಣು ಕೊಡುವುದಿಲ್ಲ. ಇಲ್ಲಿ ಅವನಿಗೆ ಟ್ರೇಯಲ್ಲಿ ಕಾಫಿ ಕೊಡುತ್ತಿದ್ದರು.

ನಮ್ಮ ಯಜಮಾನರು ಆ ತೋಟದ ಮೇಸ್ತ್ರಿ. ಗಿಡಗಳ ಹೆಸರನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಹೊಸ ನೆಂಟರನ್ನು ಪರಿಚಯ ಮಾಡಿಸುವವರಂತೆ. ಹೊಟ್ಟೆ ಊದಿದ ಬಾಟಲ್ ಪಾಮ್. ಬೀಸಣಿಗೆಯಂಥ ಎಲೆಯ ಫ್ಯಾನ್ ಪಾಮ್. ಟ್ರಾವೆಲರ್ಸ್ ಪಾಮ್ ಎಂಬುದೊಂದಿತ್ತು, ಥೇಟ್ ಬಾಳೆ. ಎಲೆಗಳನ್ನು ನವಿಲಿನ ಹಾಗೆ ಹರಡಿಕೊಂಡು ನಿಲ್ಲುವುದೇ ಅದರ ಕೆಲಸ, ಗೊನೆ ಬಿಡುವ ಮಾತೇ ಇಲ್ಲ. ಹೆಲಿಕೋನಿಯ ಬಾಳೆಮೂತಿಯಂತೆ ಕೆಂಪಗೆ ಏನನ್ನೋ ಇಳಿಬಿಡುತ್ತಿತ್ತು, ಪಲ್ಯ ಮಾಡಲು ಬರುವುದಿಲ್ಲ. ಕ್ರೋಟನ್ ಸಾಲನ್ನಂತೂ ದನ ಕೂಡ ಮೂಸಿ ಮುಂದೆ ಹೋಗುತ್ತಿತ್ತು. "ಇದು ಏನಕ್ಕೆ?" ಎಂದು ನಾನು ಒಂದೊಂದರ ಮುಂದೆಯೂ ನಿಂತು ಕೇಳಿದೆ. "ನೋಡೋಕೆ" ಎಂದರು ಇವರು. "ನೋಡಿದ್ಮೇಲೆ?" ಎಂದೆ. ಇವರು ಮುಂದಿನ ಗಿಡದ ಹೆಸರು ಹೇಳಿದರು.

ಹಾಗೆಂದು ನಾನು ಸುಮ್ಮನಾಗುವವಳಲ್ಲ. ಕುಂಡಗಳಲ್ಲಿ ಬಿಳಿ ಚುಕ್ಕೆಯ ಅಗಲ ಎಲೆಯದೊಂದು ಗಿಡ ಸೊಂಪಾಗಿ ಬೆಳೆದಿತ್ತು. ಕೆಸುವಿನ ಜಾತಿಯದೇ ಎಂದು ನಿರ್ಧಾರ ಮಾಡಿ, ಸಾರಿಗೆ ಹಾಕುವ ಮುಂಚೆ ಚಿಗುರಿನ ತುದಿಯನ್ನು ಹಲ್ಲಿಗೆ ಕೊಟ್ಟು ನೋಡಿದೆ. ನಾಲಿಗೆ ಊದಿ ಬಾಯಿ ತುಂಬ ಆಯಿತು. ಅದು ಮೂಗರನ್ನು ಮಾಡುವ ಗಿಡವೆಂದೇ ಪ್ರಸಿದ್ಧವಂತೆ. ಇವರು ಗಾಬರಿಯಾಗಿ ಮಜ್ಜಿಗೆ ಕುಡಿಸಿದರು, ವೈದ್ಯರಿಗೆ ತೋರಿಸಿದರು, ಎಲ್ಲ ಮಾಡಿದರು. ಆದರೆ ನಾನು ಮಾತಾಡಲಾಗದೆ ಬಿದ್ದಿದ್ದಾಗ ಇವರ ಮುಖದಲ್ಲಿ ಒಂದು ನೆಮ್ಮದಿ ಕಂಡದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ನನ್ನ ಸಂಕಟ ಬೇರೆಯೇ ಇತ್ತು. ಅಷ್ಟೊಂದು ಮರದ ನಡುವೆ ಸಂಸಾರ ಮಾಡಿಕೊಂಡು, ಒಂದು ಚಟ್ನಿಗೆ, ದೇವರ ಮುಂದೆ ಒಡೆಯುವುದಕ್ಕೆ, ಅಂಗಡಿಗೆ ಹೋಗಿ ತೆಂಗಿನಕಾಯಿ ಕೊಂಡು ತರಬೇಕಾಗಿತ್ತು. ನಮ್ಮ ಕಡೆ ಕಾಯಿ ಕೊಂಡು ತಿನ್ನುವ ಮನೆ ಎಂದರೆ ಕೆಟ್ಟು ಹೋದ ಮನೆ. ಅಪ್ಪ ಮೊದಲ ಸಲ ನಮ್ಮನ್ನು ನೋಡಲು ಬಂದಾಗ ನಾನು ಅಂಗಡಿಯ ಕಾಯಿಯದೇ ಚಟ್ನಿ ಬಡಿಸಿದೆ. ಅಪ್ಪ ನಾಲಿಗೆಗೆ ಹಚ್ಚಿಕೊಂಡ, ನನ್ನ ಮುಖ ನೋಡಿದ, ಉಂಡು ಎದ್ದ. ಹೊರಗೆ ಹೋಗಿ ಚಿಕ್ಕಪ್ಪ ಹೊಗಳಿದ್ದ ಮರಗಳನ್ನೆಲ್ಲ ಒಂದು ಸುತ್ತು ನೋಡಿ ಬಂದ. ಊರಿಗೆ ಹೋಗಿ ಚಿಕ್ಕಪ್ಪನಿಗೆ ಏನು ಹೇಳಿದನೋ, ಚಿಕ್ಕಪ್ಪ ಬಹಳ ದಿನ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಮುಂದಿನ ಸಲ ಅಪ್ಪ ಬಂದಾಗ ಕೈಯಲ್ಲಿ ಒಂದು ತೆಂಗಿನ ಸಸಿ ಇತ್ತು. ನಮ್ಮ ಬಾವಿ ಪಕ್ಕದ ಮರದ ಕಾಯಿಯಿಂದ ಎಬ್ಬಿಸಿದ್ದು. ಆ ಮರವನ್ನು ಅಪ್ಪ ಮಕ್ಕಳಿಗಿಂತ ಹೆಚ್ಚಾಗಿ ನಂಬಿದ್ದ. "ನಿನ್ ಬಾಗಿಲಲ್ಲಿ ಇದೊಂದು ಇರ್ಲಿ ಕಣವ್ವ" ಎಂದು ಕೊಟ್ಟು ಹೋದ.

ಬಾಗಿಲಲ್ಲಿ ಇಡುವ ಹಾಗಿರಲಿಲ್ಲ. ಓನರದು ಕಟ್ಟಪ್ಪಣೆ: ತೋಟದಲ್ಲಿ ತೆಂಗು ಕೂಡದು. ಅತಿಥಿಗಳ ತಲೆಯ ಮೇಲೆ ಕಾಯಿ ಬಿದ್ದೀತು ಎಂಬುದು ಹೊರಗೆ ಹೇಳುತ್ತಿದ್ದ ಕಾರಣ. ತೆಂಗು ನೆಟ್ಟರೆ ಹಳ್ಳಿಯ ಹಿತ್ತಲಿನ ಹಾಗೆ ಕಾಣುತ್ತದೆ ಎಂಬುದು ನಿಜವಾದ ಕಾರಣ. ಅವರೂ ಯಾವುದೋ ಹಳ್ಳಿಯ ಹಿತ್ತಲಿನಿಂದಲೇ ಬಂದವರಿರಬೇಕು. ಇಲ್ಲದಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಹುಲ್ಲುಹಾಸಿನ ನಡುವೆ ನಾನಾ ದೇಶದ ಪಾಮ್‌ಗಳನ್ನು ಒಂದೊಂದೇ ನೆಡಿಸಿದ್ದರು. ಆ ಮಳೆಗಾಲದಲ್ಲಿ ಅವುಗಳಲ್ಲೊಂದು ಸುಳಿ ಕೊಳೆತು ಸತ್ತಿತು. ಓನರು ಯಾವುದೋ ಪ್ರವಾಸದಲ್ಲಿದ್ದರು. ಆ ಗುಂಡಿಯಲ್ಲಿ ನಾನು ಅಪ್ಪನ ಸಸಿ ನೆಟ್ಟೆ. ಇವರು ನೋಡಿ ತಲೆಯ ಮೇಲೆ ಕೈ ಹೊತ್ತರು. "ಕೆಲಸ ಹೋಗ್ತದೆ ಕಣೇ" ಎಂದರು. "ಸುತ್ತ ಕಲ್ಲು ಜೋಡಿಸಿ ಸುಣ್ಣ ಹೊಡೀರಿ, ಅದೇ ಪಾಮ್ ಆಗ್ತದೆ" ಎಂದೆ. ಇವರು ಬೈದುಕೊಂಡೇ ಕಲ್ಲು ಜೋಡಿಸಿದರು, ಸುಣ್ಣ ಹೊಡೆದರು. ಆಯಿತು.

ಬೆಂಗಳೂರಿನಲ್ಲಿ ತೆಂಗಿನಮರ ಇಲ್ಲದ ಬೀದಿ ಆಗ ಇರಲಿಲ್ಲ. ಆದರೂ ಅಲ್ಲಿಂದ ಬಂದ ಒಬ್ಬರೂ ಅದನ್ನು ಗುರುತು ಹಿಡಿಯಲಿಲ್ಲ. ಕಾಯಿ ಇದ್ದರೆ ತೆಂಗು, ಇಲ್ಲದಿದ್ದರೆ ಪಾಮ್, ಅಷ್ಟೇ ಅವರ ಜ್ಞಾನ. ಒಬ್ಬರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಇನ್ನೊಬ್ಬರು ಇದು ಯಾವ ದೇಶದ್ದೆಂದು ಓನರನ್ನು ಕೇಳಿದರು. ಓನರಿಗೆ ತಾವು ಏನೇನು ತರಿಸಿದ್ದೆವೆಂಬುದೇ ನೆನಪಿರಲಿಲ್ಲ. "ಹಡಗಲ್ಲಿ ತರಿಸಿದ್ದು" ಎಂದುಬಿಟ್ಟರು. ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ ಕೊನೆಗೆ ಅವರೇ ನಂಬಿದರು. ನಾನು ಕಿಟಕಿಯಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ.

ನಗು ನಿಂತದ್ದು ಮರದಲ್ಲಿ ಹೊಂಬಾಳೆ ಹೊರಟ ವರ್ಷ. ಎಪ್ಪತ್ತರ ದಶಕ ಅರ್ಧಕ್ಕೆ ಬಂದಿತ್ತು. ಗರಿಯ ಸಂದಿನಿಂದ ಅದು ಇಣುಕಿದ್ದನ್ನು ಕಂಡು ನನಗೆ ಹೆರಿಗೆಯಾದಷ್ಟೇ ಸಂತೋಷವಾಯಿತು. ಇವರಿಗೆ ಜ್ವರ ಬಂದಂತಾಯಿತು. ಆಗ ನಮಗೆ ಇಬ್ಬರು ಮಕ್ಕಳಿದ್ದರು, ಹತ್ತಿರದಲ್ಲೇ ಶಾಲೆ, ತಲೆಯ ಮೇಲೊಂದು ಸೂರು. ಎಲ್ಲ ಸೇರಿ ಆ ಹೊಂಬಾಳೆಯ ಮೇಲೆ ನಿಂತಿತ್ತು. ಇವರು ಏಣಿ ಹಾಕಿ ಅದು ಒಡೆಯುವ ಮುಂಚೆಯೇ ಕುಡುಗೋಲಿನಲ್ಲಿ ಕಡಿದರು. ನಾನು ಏಣಿ ಹಿಡಿದುಕೊಂಡಿದ್ದೆ. ತಿಂಗಳು ತಿಂಗಳೂ ಮರ ಒಂದು ಹೊರಡಿಸುತ್ತಿತ್ತು, ಇವರು ಒಂದು ಕಡಿಯುತ್ತಿದ್ದರು. ಮರ ಉಳಿಯಬೇಕಾದರೆ ಅದು ಕಾಯಿ ಬಿಡಬಾರದು. ಕಾಯಿಗೆಂದು ನೆಟ್ಟವಳು ನಾನೇ. ನನ್ನ ಮರವನ್ನೂ ನಾನು ಕೊನೆಗೆ ಆ ತೋಟದ ಉಳಿದ ಮರಗಳ ಹಾಗೆಯೇ ಮಾಡಿಬಿಟ್ಟಿದ್ದೆ.

ತವರಿಗೆ ಹೋದಾಗಲೆಲ್ಲ ಅಪ್ಪ ಕೇಳುವುದು ಒಂದೇ: "ಕಾಯಿ ಬಿಡ್ತಾ?" ನಾನು ಇಲ್ಲ ಎನ್ನುತ್ತಿದ್ದೆ. ಮೊದಮೊದಲು ನೀರು ಸಾಲದು ಎಂದ. ಆಮೇಲೆ ಮಣ್ಣು ಸರಿಯಿಲ್ಲ ಎಂದ. ಕೊನೆಗೆ ದನಿ ತಗ್ಗಿಸಿ, "ನಾನೇ ಬಿತ್ತನೆ ಕಾಯಿ ಆರಿಸೋದ್ರಲ್ಲಿ ಎಡವಿದ್ನೋ ಏನೋ, ಮಗಳಿಗೆ ಗೊಡ್ಡು ಮರ ಕೊಟ್ಟೆ" ಎಂದ. ಜೀವಮಾನವೆಲ್ಲ ತೆಂಗು ಬೆಳೆದವನು. ಅವತ್ತು ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಪ್ಪ ಕೊಟ್ಟ ಮರದ ಹೊಂಬಾಳೆಗಳನ್ನು ನಾವೇ ಕಡಿಯುತ್ತಿದ್ದೇವೆ ಎಂದು ಅಪ್ಪನಿಗೆ ಹೇಗೆ ಹೇಳುವುದು? ಬಾಯಿ ಮುಚ್ಚಿಕೊಂಡು ಬಂದೆ.

ಒಂದು ಭಾನುವಾರ ಹೇಳದೆ ಕೇಳದೆ ಅಪ್ಪನೇ ಬಂದುಬಿಟ್ಟ. ಹೆಗಲ ಮೇಲೆ ಕಲ್ಲುಪ್ಪಿನ ಚೀಲ. ತೆಂಗಿನ ಬುಡಕ್ಕೆ ಉಪ್ಪು ಹಾಕಿದರೆ ಗೊಡ್ಡು ಮರವೂ ಫಲಕ್ಕೆ ತಿರುಗುತ್ತದೆಂದು ಅಷ್ಟು ದೂರದಿಂದ ಹೊತ್ತು ತಂದಿದ್ದ. ನೀರು ಕೂಡ ಕುಡಿಯದೆ ಮರದ ಹತ್ತಿರ ಹೋದ. ನಾನು, ಇವರು ಹಿಂದೆ ಓಡಿದೆವು. ಅಪ್ಪ ತಲೆಯೆತ್ತಿ ಗರಿಗಳ ಸಂದು ನೋಡಿದ. ಕಡಿದ ಮೋಟುಗಳು ಒಂದರ ಮೇಲೊಂದು ಇದ್ದವು. ಉಪ್ಪಿನ ಚೀಲವನ್ನು ಮೆಲ್ಲಗೆ ನೆಲದ ಮೇಲಿಟ್ಟ.

"ಯಾರು ಕಡ್ದೋರು?" ಎಂದ.

"ನಾನೇ ಮಾವ" ಎಂದರು ಇವರು. "ನಾನೇ ಕಡಿಸಿದ್ದು ಅಪ್ಪ. ಇಲ್ಲಿ ತೆಂಗು ಇರೋ ಹಾಗಿಲ್ಲ. ಗೊತ್ತಾದ್ರೆ ಮನೆ ಬಿಡಿಸ್ತಾರೆ" ಎಂದೆ ನಾನು.

ಅಪ್ಪ ಸಿಟ್ಟು ಬಂದರೆ ಎದುರಿಗೆ ಯಾರಿದ್ದಾರೆಂದು ನೋಡುವವನಲ್ಲ. ಕತ್ತಿನ ನರ ಉಬ್ಬಿತ್ತು. ಅಷ್ಟರಲ್ಲಿ ಓನರು ನಾಲ್ಕು ಜನ ಅತಿಥಿಗಳನ್ನು ಕರೆದುಕೊಂಡು ಅಲ್ಲಿಗೇ ಬಂದರು. ಇವರು ಕೈಕಟ್ಟಿಕೊಂಡು "ನಮ್ಮ ಮಾವ ಸಾರ್" ಎಂದರು.

"ಓಹೋ. ನೋಡಿ ಯಜಮಾನ್ರೆ, ನೀವು ಹಳ್ಳಿಯಿಂದ ಬಂದೋರು, ನಿಮಗೆ ಗೊತ್ತಾಗ್ಲಿ. ಈ ಮರಾನ ನಾನು ಹಡಗಲ್ಲಿ ತರಿಸಿದ್ದು. ಇಂಥದ್ದು ನಿಮ್ಮ ಕಡೆ ಎಲ್ಲಾದ್ರೂ ಇದ್ಯಾ?" ಎಂದರು ಓನರು.

ನಮ್ಮ ಅಪ್ಪ ಸುಳ್ಳೇ ಹೇಳಿದವನಲ್ಲ ಎಂದೇನೂ ನಾನು ಹೇಳುವುದಿಲ್ಲ. ದನದ ಜಾತ್ರೆಯಲ್ಲಿ ಎತ್ತಿನ ವಯಸ್ಸಿನ ವಿಷಯದಲ್ಲಿ ಧಾರಾಳವಾಗಿ ಹೇಳುತ್ತಿದ್ದ. ತೆಂಗಿನ ವಿಷಯದಲ್ಲಿ ಮಾತ್ರ ಒಂದು ಸುಳ್ಳು ಅವನ ಬಾಯಲ್ಲಿ ಬಂದದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ಮರ ನೋಡಿದ. ಕೈಕಟ್ಟಿ ನಿಂತ ಅಳಿಯನನ್ನು ನೋಡಿದ. ನನ್ನನ್ನು ನೋಡಿದ.

"ಇಲ್ಲ ಸ್ವಾಮಿ. ಇಂಥ ಮರ ನಾನು ನೋಡೇ ಇಲ್ಲ" ಎಂದ. ಗರಿಗಳ ಕಡೆ ತಲೆಯೆತ್ತಿ, "ಕಾಯಿ ಗೀಯಿ ಏನಾರ ಬಿಡ್ತದಾ?" ಎಂದ.

"ಛೇ ಛೇ. ಇದು ಬರೀ ಅಂದಕ್ಕೆ" ಎಂದರು ಓನರು.

"ಅಂದವಾಗೈತೆ" ಎಂದ ಅಪ್ಪ.

ಊಟಕ್ಕೆ ನಿಲ್ಲಲಿಲ್ಲ. ಬಸ್ಸಿನವರೆಗೆ ನಾನು ಜೊತೆಗೆ ಹೋದೆ. ದಾರಿಯುದ್ದ ಅಳುತ್ತಿದ್ದೆ, ಅಪ್ಪ ಸಮಾಧಾನ ಮಾಡಲಿಲ್ಲ. ಬಸ್ಸು ದೂರದಲ್ಲಿ ಕಂಡಾಗ, "ಒಂದ್ಸಲ ಹೇಳ್ದೆ. ಇನ್ನೊಂದ್ಸಲ ಆ ಮಾತು ನನ್ ಬಾಯಲ್ಲಿ ಬರಾಕಿಲ್ಲ. ಅದ್ಕೇ ನಾನಿನ್ನು ಇತ್ಲಾಗಿ ಬರಲ್ಲ ಕಣವ್ವ. ನೀನೇ ಬಂದೋಗು" ಎಂದ. ಹತ್ತಿ ಕೂತು ಕಿಟಕಿಯ ಆಚೆ ತಿರುಗಿಕೊಂಡ.

ನಾನು ವಾಪಸು ಬಂದಾಗ ಸಂಜೆಯಾಗಿತ್ತು, ಕಾರುಗಳು ಹೋಗಿದ್ದವು. ಇವರು ಏಣಿಯ ಮೇಲಿದ್ದರು. ಆ ತಿಂಗಳ ಹೊಂಬಾಳೆ ಇಣುಕಿತ್ತು.

"ಇಳೀರಿ ಕೆಳಕ್ಕೆ" ಎಂದೆ.

"ಕೆಲಸ ಹೋಗ್ತದೆ ಕಣೇ."

"ಹೋಗ್ಲಿ. ನಮ್ಮಪ್ಪನ ಬಾಯಲ್ಲಿ ಅಂಥ ಮಾತು ಬರಿಸಿ ಉಳಿಸ್ಕೊಂಡ ಕೆಲಸ ಅದು."

ಇವರು ಕುಡುಗೋಲನ್ನು ಕೆಳಗೆ ಹಾಕಿದರು. ಆಮೇಲೆ ಇಳಿದರು. ಮರುದಿನದಿಂದ ಇವರು ನನಗಿಂತ ಹುಷಾರಾದರು. ಗೊಂಚಲು ಕಾಣದಂತೆ ಒಣ ಗರಿ ಇಳಿಬಿಟ್ಟು ಕಟ್ಟಿದರು. ಅದರ ಹತ್ತಿರ ಕುರ್ಚಿ ಹಾಕಲು ಬಂದವರನ್ನು ಇರುವೆ ಗೂಡಿದೆ ಎಂದು ಓಡಿಸಿದರು. ಹೆಚ್ಚುಕಡಿಮೆ ಒಂದು ವರ್ಷ ಹೀಗೆ ನಡೆಯಿತು. ಕಾಯಿ ಬಲಿತವು. ಒಂದು ಭಾನುವಾರ ಅದರಲ್ಲೊಂದು ಕಳಚಿ, ಓನರ ಖಾಸಾ ಅತಿಥಿಗಳಿಗೆ ಒಯ್ಯುತ್ತಿದ್ದ ಕಾಫಿ ಟ್ರೇಯ ಮೇಲೆ ಬಿತ್ತು. ಯಾರ ತಲೆಗೂ ಏನೂ ಆಗಲಿಲ್ಲ. ಪಿಂಗಾಣಿ ಕಪ್ಪುಗಳು ಮಾತ್ರ ಚೂರಾದವು. ಹಡಗಿನಲ್ಲಿ ಬಂದ ಮರದಿಂದ ಬಿದ್ದ ತೆಂಗಿನಕಾಯಿಯನ್ನು ಎಲ್ಲರೂ ಸುತ್ತ ನಿಂತು ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ಓನರು ಇವರನ್ನು ಹುಡುಕಿದರು, ಸಿಕ್ಕಿದವಳು ನಾನು.

ಆ ತಿಂಗಳ ಕೊನೆಗೆ ನಾವು ಅರಿಶಿನಕುಂಟೆಯಲ್ಲಿ ಒಂದು ಬಾಡಿಗೆ ಕೋಣೆಗೆ ಹೋದೆವು. ಇವರಿಗೆ ಬೇರೆ ಕೆಲಸ ಸಿಗುವವರೆಗೆ ಕಷ್ಟವಾಯಿತು, ಅದರಲ್ಲೇನೂ ಸುಳ್ಳಿಲ್ಲ. ಆದರೆ ಹೊರಡುವ ದಿನ ಇವರು ಗೊಂಚಲು ಇಳಿಸಿಯೇ ಬಂದಿದ್ದರು.

ಅದರಲ್ಲಿ ಎರಡು ಕಾಯಿ ಚೀಲಕ್ಕೆ ಹಾಕಿಕೊಂಡು ನಾನು ಬಸ್ಸು ಹತ್ತಿದೆ. "ಏನಮ್ಮ, ತಿಪಟೂರಿಗೇ ಕಾಯಿ ತಗೊಂಡ್ ಹೋಗ್ತಿದ್ದೀರಾ?" ಎಂದು ಕಂಡಕ್ಟರ್ ಬಸ್ಸಿಗೆಲ್ಲ ಕೇಳುವ ಹಾಗೆ ನಕ್ಕ. "ನಿಮ್ ತಲೆ ಮೇಲೆ ಇಟ್ಟಿದೀನಾ?" ಎಂದೆ. ಅವನು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ.

ಅಪ್ಪ ಜಗುಲಿಯ ಮೇಲಿದ್ದ. ಸುತ್ತ ಕಾಯಿಯ ರಾಶಿಯೇ ಇತ್ತು. ನಾನು ಚೀಲ ಮುಂದಿಟ್ಟೆ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಸುಲಿದ, ಒಡೆದ. ನೀರು ಕುಡಿದ. ಚಿಪ್ಪಿನಿಂದ ಒಂದು ಚೂರು ಎಬ್ಬಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ.

"ಗೊತ್ತಾಯ್ತಾ ಆ ಯಪ್ಪಂಗೆ?" ಎಂದ.

"ಗೊತ್ತಾಯ್ತು. ಮನೆ ಬಿಡಿ ಅಂದ್ರು."

"ನೀನೇನಂದೆ?"

"ಇದು ತೆಂಗಿನಮರ ಸ್ವಾಮಿ, ಹಡಗಲ್ಲಿ ಬಂದಿದ್ದಲ್ಲ, ನಮ್ಮಪ್ಪ ಬಸ್ಸಲ್ಲಿ ತಂದಿದ್ದು ಅಂದೆ."

"ಅಷ್ಟೂ ಜನದ ಮುಂದೆ?"

"ಅಷ್ಟೂ ಜನದ ಮುಂದೆ."

ಅಪ್ಪ ಇನ್ನೊಂದು ಚೂರು ಎಬ್ಬಿ ನನ್ನ ಕೈಗಿಟ್ಟ. "ತಿನ್ನು" ಎಂದ. "ಚೆನ್ನಾಗೈತೆ ನಿನ್ ಕಾಯಿ."