ದೊನಾತಾಳ ಕೆರೆಯದ ಮರಿಗೆ

ಪಿಯೆತ್ರಾಶ್ಕುರಾ ಊರಿನ ಯಾವ ಮನೆಯಲ್ಲೂ ಹಿಟ್ಟು ನಾದುವ ಮರಿಗೆಯನ್ನು ಪೂರ್ತಿ ಕೆರೆಯುವುದಿಲ್ಲ, ಒಂದು ಮೂಲೆ ಬಿಡುತ್ತಾರೆ. ಯಾಕೆಂದು ಕೇಳಿದರೆ, ಎಪ್ಪತ್ತೊಂದನೇ ವಯಸ್ಸಿನಲ್ಲೂ ತಾನೇ ಬ್ರೆಡ್ಡು ನಾದುವ ದೊನಾತಾಳ ಮನೆಯತ್ತ ಕೈ ತೋರಿಸುತ್ತಾರೆ.

ಈ ರೂಢಿ ಶುರುವಾದಾಗ ಅವಳಿಗೆ ಇಪ್ಪತ್ತೆರಡು, ಮಡಿಲಲ್ಲಿ ಮೂರು ತಿಂಗಳ ರೊಕ್ಕೊ. ಬ್ರೆಡ್ಡು ಉಬ್ಬಿಸಲು ಓಣಿಯ ಏಳು ಮನೆಗೂ ಒಂದೇ ಹುಳಿಹಿಟ್ಟು. ನಾದಿದವರು ಮುಷ್ಟಿಯಷ್ಟು ಎತ್ತಿಟ್ಟು ಪಕ್ಕದ ಮನೆಗೆ ದಾಟಿಸಬೇಕು. ಮುತ್ತಜ್ಜಿಯರಿಂದ ಬಂದ ಹಿಟ್ಟು. ಯುದ್ಧದ ವರ್ಷಗಳಲ್ಲೂ ಸತ್ತಿರಲಿಲ್ಲ.

ಸಂತ ಜೋಸೆಫನ ಹಬ್ಬಕ್ಕೆ ಮೂರು ದಿನವಿತ್ತು, ಅಂದು ಪ್ರತಿ ಮನೆಯೂ ಸಂತನ ಮುಂದೆ ಬ್ರೆಡ್ಡಿಡಬೇಕು. ನಾದುವಾಗ ಕೂಸು ಕಿರುಚಿತು. ಹಾಲೂಡಿಸಿ ಬಂದವಳು ಅದೇ ಗಡಿಬಿಡಿಯಲ್ಲಿ ಇದ್ದಬದ್ದ ಹಿಟ್ಟನ್ನೆಲ್ಲ ಉಂಡೆ ಕಟ್ಟಿ, ಗುರುತಿಗೆ ಮನೆಯ ಮರದ ಮುದ್ರೆ ಒತ್ತಿ ಊರ ಭಟ್ಟಿಗೆ ಕಳಿಸಿಬಿಟ್ಟಳು. ಮಧ್ಯಾಹ್ನ ಪಕ್ಕದ ಮನೆಯ ಮಿಕೆಲಿನಾ ಬಟ್ಟಲು ಹಿಡಿದು ಬಂದಳು.

“ಹುಳಿಹಿಟ್ಟು ಕೊಡೇ, ಇವತ್ತು ನಮ್ಮ ಪಾಳಿ.”

ದೊನಾತಾ ಕೂಸನ್ನು ಎದೆಗವಚಿಕೊಂಡಳು. “ಅಕ್ಕಾ... ಎತ್ತಿಡೋದು ಮರ್ತೆ. ಎಲ್ಲಾ ಬೆಂದೋಯ್ತು.”

ಅತ್ತೆ ಪ್ರುದೆಂತ್ಸಾ ಎದೆ ಹಿಡಿದು ಕೂತಳು.

“ಕೆಳಗಿನೂರಿಂದ ಒಂದು ಮುಷ್ಟಿ ಇಸ್ಕೊಂಡು ಬರ್ಲಾ ಅತ್ತೆ?”

“ಅವರ ಹಿಟ್ಟಾ? ಅವರ ಬ್ರೆಡ್ಡು ಮಾರನೇ ದಿನಕ್ಕೆ ಕಲ್ಲು! ಅದಕ್ಕಿಂತ ಸಂತನ ಮುಂದೆ ಬರೀ ನೀರಿಡೋಣ. ಎತ್ತಿಡೋದೂ ಮರೀತೀಯ, ಮರಿಗೆ ಕೆರೆಯೋದೂ ಮರೀತೀಯ. ನೋಡು, ಮೂಲೆಮೂಲೇಲೂ ಒಣಹಿಟ್ಟಿನ ಹಕ್ಕಳೆ!”

ದೊನಾತಾ ನೋಡಿದಳು. ಅದೂ ಅದೇ ಹುಳಿಹಿಟ್ಟು. ಚಾಕು ತಂದು ಒಣ ಹಕ್ಕಳೆಯನ್ನೆಲ್ಲ ಬಟ್ಟಲಿಗೆ ಕೆರೆದಳು, ಬೆಚ್ಚನೆ ನೀರು, ಹಿಡಿ ಹಿಟ್ಟು ಕಲಸಿದಳು. ಮಾರ್ಚಿನ ಚಳಿ, ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿದ್ದದ್ದು ತೊಟ್ಟಿಲು. ರೊಕ್ಕೊನ ಕಾಲ ಬಳಿ ಬಟ್ಟಲಿಟ್ಟು ಕಂಬಳಿ ಹೊದಿಸಿದಳು. ಕೂಸಿಗೆ ಹಾಲೂಡಿಸಿದಾಗಲೆಲ್ಲ ಬಟ್ಟಲಿಗೂ ಚಿಟಿಕೆ ಹಿಟ್ಟು ಉಣಿಸಿದಳು.

ಮೊದಲ ದಿನ ಏನೂ ಇಲ್ಲ. ಎರಡನೆಯ ಬೆಳಿಗ್ಗೆ ಅತ್ತೆ ತೊಟ್ಟಿಲಿಗೆ ಬಗ್ಗಿ ಬಟ್ಟಲಿಗೆ ಕಿವಿಯಿಟ್ಟಳು. ಗುಳುಗುಳು ಸದ್ದು. ಹಳೆಯ ಹುಳಿವಾಸನೆ. ಮೂಗೊರೆಸಿಕೊಂಡು, “ಉಸಿರಾಡ್ತಿದೆ ಕಣೇ,” ಎಂದಳು.

ಹಿಟ್ಟು ಬೆರೆಸಿ ಬೆಳೆಸಿ ಅದನ್ನು ಏಳೂ ಮನೆಗೆ ಹಂಚಿದರು. ಹಬ್ಬದ ಬೆಳಿಗ್ಗೆ ಏಳು ಮನೆಯ ಬ್ರೆಡ್ಡೂ ಸಂತನ ಮುಂದೆ ಉಬ್ಬಿ ಕೂತಿದ್ದವು. ಪ್ರುದೆಂತ್ಸಾ ಸೊಸೆಯ ಭುಜ ಹಿಡಿದು ಎಲ್ಲರ ಮುಂದೆ ನಿಲ್ಲಿಸಿದಳು.

“ನನ್ನ ಸೊಸೆ ಸೋಮಾರಿ ಕಣ್ರೇ, ಮರಿಗೆ ಕೆರೆಯಲ್ಲ,” ಎಂದಳು, ಇಡೀ ಚೌಕಕ್ಕೆ ಕೇಳುವಂತೆ. “ನಿಮ್ಮ ಸೊಸೇರಿಗೂ ಇದನ್ನೇ ಕಲಿಸ್ರೇ!”