ತಿರುಗದ ಕಾಲು

ಕಮಲಾಪುರದ ಬಸ್ ಸ್ಟ್ಯಾಂಡ್ ಪಕ್ಕ ಬಾಳೆಕಾಯಿ ಚಿಪ್ಸ್ ಕರಿಯುವ ಗಂಗಾಂಬಿಕಾ ಕರಾಟೆ ಟೀಚರ್ ಎಂದರೆ ಹೊಸಬರು ನಂಬುವುದಿಲ್ಲ. ಮೂವತ್ತೊಂದು ವರ್ಷ, ದಪ್ಪ ಮೈಕಟ್ಟು, ಬಾಂಡ್ಲಿಯ ಮುಂದೆ ಧಾರಾಕಾರ ಬೆವರು. ಆದರೆ ಸಂಜೆ ಐದಾಯಿತೋ, ಒಲೆ ಆರಿಸಿ ಹೆಣ್ಣುಮಕ್ಕಳ ಶಾಲೆಗೆ ಹೊರಟುಬಿಡುತ್ತಾಳೆ. ಅಲ್ಲಿ ಇಪ್ಪತ್ತೆರಡು ಹುಡುಗಿಯರು ಬರಿಗಾಲಲ್ಲಿ ಸಾಲಾಗಿ ನಿಂತು ಕಾಯುತ್ತಿರುತ್ತಾರೆ.

ಈ ವರ್ಷ ಆ ತರಗತಿಗೇ ಸಂಚಕಾರ ಬಂದಿತ್ತು. ರಾಜ್ಯಮಟ್ಟದಲ್ಲಿ ಆಡಿದ ಪ್ರಮಾಣಪತ್ರ ಇಲ್ಲದವರು ಕಲಿಸಕೂಡದು ಎಂದು ಶಾಲೆಯ ಸಮಿತಿ ಪಟ್ಟು ಹಿಡಿದಿತ್ತು. ಹೊಸಪೇಟೆಯ ಆಯ್ಕೆ ಪಂದ್ಯ ಗೆದ್ದರೆ ರಾಜ್ಯಕ್ಕೆ ಹೋಗಬಹುದು, ತರಗತಿ ಉಳಿಯುತ್ತದೆ. ಸೋತರೆ ಬಾಗಿಲು ಬಂದ್. ಹೋದ ವರ್ಷ ಅವಳು ಅಲ್ಲೇ ಸೋತಿದ್ದಳು. ಕೈ ಒನಕೆಯಂತಿದ್ದರೆ ಒಳ್ಳೆಯದೇ, ಕಾಲು ಒರಳಿನಂತೆ ಕೂತುಬಿಟ್ಟರೆ ಹೇಗೆ?

ಕಾಲಿಗೆ ಮದ್ದು ಹುಡುಕಿಕೊಂಡು ಅವಳು ಹೋದದ್ದು ಪಂಪಣ್ಣನವರ ಹತ್ತಿರ. ನಿವೃತ್ತ ಪಿ.ಟಿ. ಮೇಷ್ಟ್ರು, ಬೆಳಗಿನ ಹೊತ್ತು ಇದೇ ಹುಡುಗಿಯರಿಗೆ ಖೋಖೋ ಆಡಿಸುತ್ತಾರೆ. ಖೋಖೋದಲ್ಲಿ ಬೆನ್ನಟ್ಟುವವರಿಗೆ ಒಂದು ಕಟ್ಟಳೆ ಉಂಟು. ಒಂದು ದಿಕ್ಕಿಗೆ ಹೆಜ್ಜೆ ಇಟ್ಟ ಮೇಲೆ ಕಂಬ ಮುಟ್ಟುವ ತನಕ ಹಿಂದಕ್ಕೆ ತಿರುಗುವಂತಿಲ್ಲ. ತಪ್ಪಿಸಿಕೊಂಡು ಓಡುವವರು ಮಾತ್ರ ಹೇಗೆ ಬೇಕಾದರೂ ತಿರುಗಬಹುದು. ಗಂಗಾಂಬಿಕಾ ಎಂಟು ತಿಂಗಳು ಬೆನ್ನಟ್ಟಿದ್ದೇ ಬೆನ್ನಟ್ಟಿದ್ದು. ಮರೆತು ತಿರುಗಿದರೆ ಪಂಪಣ್ಣನವರ ಸೀಟಿ ಕಿವಿ ತೂತು ಮಾಡುತ್ತಿತ್ತು.

“ತಿರುಗಬ್ಯಾಡವ್ವಾ! ಫೌಲ್!”

ಕಾಲಿಗೆ ವೇಗ ಬಂತು. ಆಗ ಮೇಷ್ಟ್ರು ಹೇಳಿದರು: “ಬೆನ್ನಟ್ಟಾದು ಸಾಕಿನ್ನ. ಈಗ ನೀ ಓಡು, ಅವ್ರು ಹಿಡೀಲಿ.”

“ಈ ಸಣ್ಣ ಹುಡುಗ್ಯಾರ ಕೈಲಿ ನಾ ಔಟ್ ಆಗ್ಲ್ಯಾ ಸರ್? ನಾಳೆ ಇವ್ರ ಮುಂದ ನಾ ಟೀಚರ್ ಅಂತ ಹೆಂಗ ನಿಂದ್ರಲಿ? ಬ್ಯಾಡ್ರಿ.”

ಮೇಷ್ಟ್ರು ಒತ್ತಾಯ ಮಾಡಲಿಲ್ಲ. ಅವಳ ಬಿಂಕ ಅವಳಿಗೆ.

ಹೊಸಪೇಟೆಯಲ್ಲಿ ಕೊನೆಯ ಸುತ್ತಿಗೆ ಎದುರಾದವಳು ಶ್ರೀಪ್ರಿಯಾ, ಹತ್ತೊಂಬತ್ತರ ಹುಡುಗಿ, ಬಳ್ಳಿಯ ಮೈ. ಇರುವುದು ಮೂರೇ ನಿಮಿಷ. ಅಂಕ ಸಮವಾದರೆ ಮೊದಲ ಅಂಕ ಪಡೆದವರಿಗೆ ಗೆಲುವು. ರೆಫರಿ ಕೈ ಇಳಿಸಿದ್ದೇ ತಡ, ಗಂಗಾಂಬಿಕಾ ಚಿಮ್ಮಿ ಹೋಗಿ ಎದೆಗೆ ಗುದ್ದಿದಳು. ಒಂದು ಅಂಕ. ಮತ್ತೆ ನುಗ್ಗಿದಳು, ಎರಡು. ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ಅವಳ ಹುಡುಗಿಯರು ಕುಣಿದಾಡಿದರು.

ಮೂರನೆಯ ಸಲ ಶ್ರೀಪ್ರಿಯಾ ಪಕ್ಕಕ್ಕೆ ಸರಿದಳು, ಅಷ್ಟೇ. ಗಂಗಾಂಬಿಕಾ ಅವಳನ್ನು ದಾಟಿ ಮುಂದೆ ಹೋದಳು, ಹೋಗುತ್ತಲೇ ಇದ್ದಳು. ಬೆನ್ನಿಗೆ ಗುದ್ದು ಬಿತ್ತು. ಮುಂದಿನ ಸಲವೂ ಅದೇ, ಅದರ ಮುಂದಿನ ಸಲವೂ ಅದೇ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಎಂಟು ತಿಂಗಳು ತಿರುಗದೆ ಓಡಿ ಕಲಿತದ್ದೇನು ಕಡಿಮೆಯೇ? ಎರಡಕ್ಕೆ ಮೂರು. ಗಡಿಯಾರದಲ್ಲಿ ಉಳಿದದ್ದು ಹನ್ನೆರಡು ಸೆಕೆಂಡ್.

ಹುಡುಗಿಯರ ಜೊತೆ ಬಂದಿದ್ದ ಪಂಪಣ್ಣನವರು ಎದ್ದು ನಿಂತು ಗಂಟಲು ಹರಿದುಕೊಂಡರು: “ತಿರುಗವ್ವಾ! ಇಲ್ಲಿ ಫೌಲ್ ಇಲ್ಲವ್ವಾ!”

ಮಾತು ಕಿವಿಗೆ ಬಿತ್ತು, ಕಾಲಿಗೆ ಬೀಳಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಎದುರಾಳಿಯ ಹೆದರಿಕೆಯಲ್ಲ, ತನ್ನದೇ ಕಾಲು ತನ್ನ ಮಾತು ಕೇಳುತ್ತಿಲ್ಲ ಎಂಬ ಹೆದರಿಕೆ. ಒಂದು ಅಂಕ ಸಾಕು. ನುಗ್ಗಿದಳು. ಶ್ರೀಪ್ರಿಯಾ ಸರಿದಳು. ಎರಡು ಹೆಜ್ಜೆ ದಾಟಿದವಳು ಹಲ್ಲು ಕಚ್ಚಿ, ಮೈಯನ್ನು ಬಲವಂತವಾಗಿ ಹಿಂದಕ್ಕೆ ತಿರುಗಿಸಿ ಗುದ್ದಿದಳು. ಗುದ್ದು ನೇರ ಪಕ್ಕೆಲುಬಿಗೆ ತಾಗಿತು.

ಅಷ್ಟರಲ್ಲಿ ಗಂಟೆ ಹೊಡೆದಿತ್ತು. ರೆಫರಿ ಆ ಅಂಕ ಇಲ್ಲವೆಂದು ಕೈಯಾಡಿಸಿದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಂಗಾಂಬಿಕಾ ಆ ಪೈಕಿ ಅಲ್ಲ. ಹುಡುಗಿಯರು ರೆಫರಿಯನ್ನು ಬಯ್ಯುತ್ತ ಇಳಿದು ಬಂದಾಗ ಅವರನ್ನು ತಡೆದಳು.

“ಅವ್ರದೇನೂ ತಪ್ಪಿಲ್ಲ. ಗಂಟಿ ಮೊದ್ಲ ಹೊಡೀತು. ಓಡಾದು ಕಲಿ ಅಂತ ಸರ್ ಹೇಳಿದ್ರು, ನಾ ಕಲೀಲಿಲ್ಲ. ನಿಮ್ ಕೈಲಿ ಔಟ್ ಆಗಾಕ ನಾಚಿಕಿ ಬಂತು ನನಗ. ಅದಕ್ಕ ನಿಮ್ ಕ್ಲಾಸ್ ಹೋತು.”

ಎಲ್ಲರಿಗಿಂತ ಚಿಕ್ಕವಳಾದ ಸ್ಫೂರ್ತಿ, ಆರನೆಯ ಇಯತ್ತೆಯವಳು, ಅವಳ ತೋಳು ಹಿಡಿದು ಕೇಳಿದಳು: “ಹಂಗಾರ ನಾಳಿ ನಾವು ಎಲ್ಲಿಗೆ ಬರ್ಬೇಕ್ರಿ ಟೀಚರ್?”

ಆ ತನಕ ತಡೆದುಕೊಂಡಿದ್ದ ಅಳು ಆಗ ಬಂತು. ಮಕ್ಕಳ ಎದುರಿಗೇ ಅತ್ತಳು, ಮುಖ ಮುಚ್ಚಿಕೊಳ್ಳಲಿಲ್ಲ. ಆಮೇಲೆ ಮೂಗು ಒರೆಸಿಕೊಂಡಳು.

“ಬೆಳಿಗ್ಗೆ ಆರಕ್ಕ ಸರ್ ಅವ್ರ ಮೈದಾನಕ್ಕ ಬರ್ರಿ. ನಾ ಓಡ್ತೀನಿ, ನೀವು ಹಿಡೀರಿ.”

“ಖರೇ ಹಿಡೀಬೇಕ್ರ್ಯಾ ಟೀಚರ್?” ಎಂದಳು ಸ್ಫೂರ್ತಿ.

“ಖರೇನ ಹಿಡೀರಿ,” ಎಂದಳು ಗಂಗಾಂಬಿಕಾ. “ಬಿಡಬ್ಯಾಡ್ರಿ ನನ್ನ.”